ಶಿರಸ್ತ್ರಾಣದಾಚೆಗೆ ಪೆಡ್ರೊ ಪಾಸ್ಕಲ್

ಪೆಡ್ರೊ ಪಾಸ್ಕಲ್ 1975ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಜನಿಸಿದಾಗ ದೇಶ ಪಿನೊಚೆಯ ಸೇನಾಡಳಿತದ ಹಿಡಿತದಲ್ಲಿತ್ತು. ಸರ್ವಾಧಿಕಾರದ ವಿರೋಧಿಗಳಾಗಿದ್ದ ತಂದೆತಾಯಿ ಹಸುಗೂಸಿನೊಂದಿಗೆ ಡೆನ್ಮಾರ್ಕ್‌ನಲ್ಲಿ ಆಶ್ರಯ ಪಡೆದು, ಬಳಿಕ ಅಮೆರಿಕ ಸೇರಿದರು. 1997ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಅಭಿನಯದ ಪದವಿ ಪಡೆದ ಅವರು ಜಗತ್ತಿನ ಕಣ್ಣಿಗೆ ಬಿದ್ದದ್ದು 2014ರಲ್ಲಿ, 'ಗೇಮ್ ಆಫ್ ಥ್ರೋನ್ಸ್'ನ ಓಬೆರಿನ್ ಪಾತ್ರದಿಂದ. ಅಷ್ಟರಲ್ಲಿ ವಯಸ್ಸು 39! ನಡುವಿನ ಹದಿನೇಳು ವರ್ಷ ರಂಗಭೂಮಿ, ಕಿರುಪಾತ್ರಗಳಲ್ಲೇ ಸವೆದವು.

ಲ್ಯಾಟಿನೊ ನಟರಿಗೆ ಹಾಲಿವುಡ್ ಬಹುಕಾಲ ಮೀಸಲಿಟ್ಟದ್ದು ಕಳ್ಳಸಾಗಣೆದಾರ, ಮಾಲಿ, ಮನೆಗೆಲಸದವರ ಪಾತ್ರಗಳನ್ನು. 'ನಾರ್ಕೋಸ್'ನಲ್ಲಿ ಪಾಸ್ಕಲ್ ಮಾದಕದ್ರವ್ಯ ನಿಗ್ರಹ ಅಧಿಕಾರಿಯಾದರು. ಆದರೂ ಅದು ಪರಿಚಿತ ಲೋಕವೇ. ನಿಜವಾದ ತಿರುವು 2023ರ 'ದಿ ಲಾಸ್ಟ್ ಆಫ್ ಅಸ್'. ಮೂಲ ವಿಡಿಯೊ ಗೇಮ್‌ನಲ್ಲಿ ಬಿಳಿಯನಾಗಿದ್ದ ಜೋಯೆಲ್ ಇವರ ಪಾಲಾದ. ಆ ಪಾತ್ರಕ್ಕೆ 2024ರಲ್ಲಿ ನಟರ ಸಂಘದ ಪ್ರಶಸ್ತಿಯೂ ದೊರೆಯಿತು. 2025ರಲ್ಲಿ 'ಫೆಂಟಾಸ್ಟಿಕ್ ಫೋರ್'ನ ವಿಜ್ಞಾನಿ ರೀಡ್ ರಿಚರ್ಡ್ಸ್.

ವಿಪರ್ಯಾಸವೆಂದರೆ, ಅವರನ್ನು ಮನೆಮಾತಾಗಿಸಿದ 'ದಿ ಮ್ಯಾಂಡಲೋರಿಯನ್'ನಲ್ಲಿ (2019) ಮುಖ ಬಹುತೇಕ ಶಿರಸ್ತ್ರಾಣದೊಳಗೇ ಉಳಿಯಿತು.

2020ರ ಜನಗಣತಿಯಂತೆ ಅಮೆರಿಕದಲ್ಲಿ ಲ್ಯಾಟಿನೊ ಸಮುದಾಯದ ಪಾಲು ಶೇ 18.7, ಸಂಖ್ಯೆ 6.2 ಕೋಟಿ. ನಾಯಕ ಪಾತ್ರಗಳಲ್ಲಿ ಅವರ ಪಾಲು ಇದರ ಸಮೀಪಕ್ಕೂ ಬಂದಿಲ್ಲ. ಪಾಸ್ಕಲ್ ಒಬ್ಬರನ್ನೇ ತೋರಿಸಿ ಬಾಗಿಲು ತೆರೆದಿದೆ ಎನ್ನುವುದು ಸ್ಟುಡಿಯೊಗಳಿಗೆ ಅನುಕೂಲಕರ ವಾದ. ಹದಿನೇಳು ವರ್ಷ ಕಾಯಲು ತ್ರಾಣವಿಲ್ಲದೆ ಹಿಂತಿರುಗಿದ ನಟರನ್ನು ಆ ವಾದ ಎಣಿಸುವುದಿಲ್ಲ.