ಗುದ್ದಾಟ ಇಬ್ಬರದು, ಗಂಟು ಬುಕ್ಕಿಯದು

ನಮ್ಮ ಸೀಮೆಯ ಜಾವಗಲ್ ಎಂಬ ಊರಿನ ಹೆಸರು ಕ್ರಿಕೆಟ್ ಆಡುವ ದೇಶಗಳಿಗೆಲ್ಲ ಗೊತ್ತು. ವೇಗದ ಬೌಲರ್ ಶ್ರೀನಾಥ್ ಹೆಸರಿನ ಜೊತೆಯಲ್ಲೇ ಅದು ಊರೂರು ಸುತ್ತಿತು. ಅವರು 2006ರಿಂದ ಐಸಿಸಿ ಮ್ಯಾಚ್ ರೆಫರಿ. ಆದರೆ ಐಪಿಎಲ್ ಬಂತೆಂದರೆ ನಮ್ಮ ಸೀಮೆಯ ಹುಡುಗರ ಬಾಯಲ್ಲಿ ಬೌಲಿಂಗಿಗಿಂತ ಬೆಟ್ಟಿಂಗ್ ಆ್ಯಪ್‌ಗಳ ‘ರೇಟಿನ’ ಮಾತೇ ಜಾಸ್ತಿ. ಕ್ರಿಕೆಟ್ ಇಲ್ಲದ ದಿನ ಅದೇ ಆ್ಯಪ್‌ಗಳು ಬಾಕ್ಸಿಂಗ್ ತೋರಿಸುತ್ತವೆ. ಇಬ್ಬರಲ್ಲಿ ಒಬ್ಬ ಗೆಲ್ಲುತ್ತಾನೆ, ಅರ್ಧಕ್ಕರ್ಧ ಅವಕಾಶ ಇದೆಯಲ್ಲ ಎಂದು ಹುಡುಗರು ನಂಬುತ್ತಾರೆ.

ಲೆಕ್ಕ ಹಾಕಿ ನೋಡೋಣ. ಇಬ್ಬರೂ ಸಮಬಲದ ಬಾಕ್ಸರುಗಳು, ಇಬ್ಬರಿಗೂ 1.90 ರೇಟು. ನೀವು ಒಬ್ಬನ ಮೇಲೆ 100 ರೂಪಾಯಿ ಕಟ್ಟಿದಿರಿ, ನಿಮ್ಮ ಗೆಳೆಯ ಇನ್ನೊಬ್ಬನ ಮೇಲೆ 100. ಬುಕ್ಕಿಯ ಕೈಗೆ 200 ಬಂತು. ಗೆದ್ದವನಿಗೆ ಅಸಲೂ ಸೇರಿ ಕೊಡುವುದು 190. ಯಾರು ಬಿದ್ದರೂ 10 ರೂಪಾಯಿ ಬುಕ್ಕಿಯ ಜೇಬಿನಲ್ಲೇ ಉಳಿಯಿತು. ಇಂಥ 20 ಪಂದ್ಯಕ್ಕೆ ಸಾವಿರ ಸಾವಿರ ಕಟ್ಟಿ, ಸರಿಯಾಗಿ ಅರ್ಧ ಗೆದ್ದರೂ 20,000 ಹೋಗಿ 19,000 ವಾಪಸು ಬರುತ್ತದೆ. ಪಂದ್ಯ ಡ್ರಾ ಆಗುವುದೂ ಉಂಟು. ಡ್ರಾಗೂ ಬೇರೆ ರೇಟು ಇಟ್ಟಿದ್ದರೆ ಇಬ್ಬರ ಮೇಲೆ ಕಟ್ಟಿದವರೂ ಸೋತರು. ಕೊಬ್ಬರಿ ಹರಾಜಿನಲ್ಲಿ ಕ್ವಿಂಟಲಿಗೆ ಐವತ್ತು ರೂಪಾಯಿ ಕಡಿಮೆಯಾದರೆ ದನಿ ಎತ್ತುವ ಮನೆಯ ಮಕ್ಕಳೇ ಈ ಕಡಿತವನ್ನು ಕಣ್ಣೆತ್ತಿ ನೋಡುವುದಿಲ್ಲ.

ಬಾಕ್ಸಿಂಗಿನಲ್ಲಿ ಇನ್ನೊಂದು ಅಪಾಯವಿದೆ. ಕ್ರಿಕೆಟ್ಟಿನಲ್ಲಿ ಹನ್ನೊಂದು ಜನ. ಹಾಗಿದ್ದೂ 2019ರಲ್ಲಿ ನಮ್ಮ ಕರ್ನಾಟಕ ಪ್ರೀಮಿಯರ್ ಲೀಗಿನ ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೇ ಬಂಧಿಸಿದರು. ರಿಂಗಿನಲ್ಲಿ ಒಬ್ಬನೇ ಒಬ್ಬ ಮನಸ್ಸು ಮಾಡಿದರೆ ಸಾಕು. 1947ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಜೇಕ್ ಲಮೋಟಾ ಎಂಬ ಗಟ್ಟಿ ಆಳು ಬಿಲ್ಲಿ ಫಾಕ್ಸ್ ಎದುರು ನಾಲ್ಕನೇ ಸುತ್ತಿನಲ್ಲಿ ಸೋತ. ಬೇಕೆಂದೇ ಸೋತೆ ಎಂದು ಅವನು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡದ್ದು 1960ರಲ್ಲಿ. ಅಂದು ಅವನನ್ನು ನಂಬಿ ದುಡ್ಡು ಕಟ್ಟಿದವರಿಗೆ ಹದಿಮೂರು ವರ್ಷದ ಮೇಲೆ ಸಿಕ್ಕಿದ್ದು ಸತ್ಯ ಮಾತ್ರ, ದುಡ್ಡಲ್ಲ.

ಸರ್ಕಾರವೂ ಎಡವುತ್ತ ನಡೆದಿದೆ. 2021ರಲ್ಲಿ ರಾಜ್ಯ ತಂದ ಆನ್‌ಲೈನ್ ಜೂಜು ನಿಷೇಧದ ಮುಖ್ಯ ಕಲಮುಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆದರೂ ಹೊರದೇಶದ ಆ್ಯಪ್‌ಗಳು ಹೆಸರು ಬದಲಿಸಿಕೊಂಡು ಫೋನಿಗೆ ಇಳಿಯುತ್ತಲೇ ಇವೆ.

ಈ ಕೇಂದ್ರ ಕಾಯ್ದೆಯಲ್ಲಿ ಬರೀ ಆಡಿದವನಿಗೆ ಶಿಕ್ಷೆ ಇಲ್ಲ ಎಂಬುದು ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ. ಆ್ಯಪಿನಲ್ಲಿ ದುಡ್ಡು ಕಳೆದು, ಕೈಸಾಲ ಮಾಡಿ, ಮನೆಯಲ್ಲಿ ಹೇಳಲಾರದೆ ಒದ್ದಾಡುವ ಹುಡುಗನಿಗೆ ಇದನ್ನು ಮೊದಲು ತಿಳಿಸಬೇಕು. ಮೋಸ ಹೋಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಅವನು ಬಾಯಿಬಿಟ್ಟ ರಾತ್ರಿ ಅಪ್ಪ ಅಮ್ಮ ಬೈಗುಳ ಬದಿಗಿಟ್ಟು, ಯಾರಿಗೆ ಎಷ್ಟು ಕೊಡಬೇಕು ಎಂದು ಅವನ ಜೊತೆ ಕೂತು ಬರೆದುಕೊಳ್ಳಲಿ.