ಎಂಜಲು ಹಚ್ಚಿದರೆ ಗಾಯ ಮಾಯುವುದೇ?

ಹಾಲ್ಕುರಿಕೆ, ತಿಪಟೂರು ಕಡೆಯ ಸೋದರಿಯರಿಗೆ ಇದು ಹೊಸದೇನಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಇಳಿಸಿ, ಮಟ್ಟೆ ಸುಲಿದು, ಕರಟ ಒಡೆದು ಕೊಬ್ಬರಿ ಗಿಟುಕು ಬಿಡಿಸುವಾಗ ಬೆರಳಿಗೆ ಚೂರು ತಾಗುತ್ತದೆ. ತಕ್ಷಣ ಬೆರಳು ಬಾಯಿಗೆ! ಮಗು ಮಂಡಿ ತರಚಿಕೊಂಡು ಬಂದರೂ, ಕಣ್ಣಿಗೆ ಕುಟಿಕೆ ಎದ್ದರೂ, "ಒಂಚೂರು ಎಂಜಲು ಹಚ್ಚೇ, ಸರಿಹೋಗತ್ತೆ" ಅನ್ನುವ ಅಜ್ಜಿ ಪ್ರತಿ ಮನೆಯಲ್ಲೂ ಇದ್ದಾರೆ.

ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ನಮ್ಮ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರುತ್ತದೆ. ಅದರಲ್ಲಿ ಬಹುಪಾಲು ನೀರೇ ಆದರೂ, ರೋಗಾಣುಗಳನ್ನು ಎದುರಿಸುವ ಪ್ರೋಟೀನುಗಳೂ ಇವೆ. ಅವುಗಳಲ್ಲೊಂದು ಲೈಸೋಜೈಮ್. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲೇ, 1922ರಲ್ಲಿ, ಇದನ್ನು ಗುರುತಿಸಿದರು. ಕೆಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಇದು ಒಡೆಯುತ್ತದೆ. ನಮ್ಮ ಕಣ್ಣೀರಿನಲ್ಲೂ ಕೋಳಿಮೊಟ್ಟೆಯ ಬಿಳಿಭಾಗದಲ್ಲೂ ಇದಿದೆ. ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು, ರೋಗಾಣು ಬೆಳೆಯಲು ಬೇಕಾದ ಕಬ್ಬಿಣಾಂಶವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ತಾಯಿಯ ಮೊದಲ ಹಾಲಿನಲ್ಲಿ ಇದು ಹೇರಳ. ಹಿಸ್ಟಾಟಿನ್ ಎಂಬುದು ಬಾಯಲ್ಲಿ ಬಿಳಿ ಅಗ್ರ ತರುವ ಶಿಲೀಂಧ್ರವನ್ನು ಕೊಲ್ಲುತ್ತದೆ. ನಾಲಿಗೆ ಕಚ್ಚಿಕೊಂಡ ಗಾಯ ಬೇಗ ಮಾಯುವುದರಲ್ಲಿ ಜೊಲ್ಲಿನ ಪಾಲೂ ಉಂಟು.

ಹಾಗಾದರೆ ಬೆರಳಿಗೂ ಹಚ್ಚಬಹುದಲ್ಲ ಎಂದೀರಿ. ಬೇಡಿ. ಈ ಪ್ರೋಟೀನುಗಳು ಬಾಯಿಯ ರೋಗಾಣುಗಳನ್ನು ಹದ್ದಿನಲ್ಲಿಡುತ್ತವೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಎಂಜಲಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಬಾಯಲ್ಲಿ ಸುಮ್ಮನಿರುವ ಅವು ಹಸಿಗಾಯಕ್ಕೆ ಇಳಿದರೆ ಕೀವು ಕಟ್ಟಬಹುದು. ರಾತ್ರಿ ಜೊಲ್ಲು ಊರುವುದು ತೀರ ಕಡಿಮೆ. ಆದ್ದರಿಂದ ಬೆಳಗಿನ ಎಂಜಲೇ ಶ್ರೇಷ್ಠ ಅಂತ ಕಣ್ಣಿಗೆ ಹಚ್ಚುವುದು ಇನ್ನೂ ಕೆಟ್ಟದ್ದು. ಸಕ್ಕರೆ ಕಾಯಿಲೆಯವರ ಗಾಯಕ್ಕೂ ಎಳೆಗೂಸಿಗೂ ಎಂಜಲು ಸೋಕಿಸಲೇಬೇಡಿ.

ಗಾಯವಾದಾಗ ಹೀಗೆ ಮಾಡಿ: ಶುದ್ಧವಾದ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒಗೆದು ಒಣಗಿಸಿದ ಬಟ್ಟೆಯಿಂದ ಒತ್ತಿಹಿಡಿಯಿರಿ. ಮಣ್ಣು ತಾಗಿದ್ದರೆ, ಚೂರು ಆಳಕ್ಕೆ ಹೊಕ್ಕಿದ್ದರೆ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ. ಕೆಂಪು ಹರಡಿದರೆ, ಜ್ವರ ಬಂದರೆ ತಡಮಾಡಬೇಡಿ. ನಾಯಿ ನೆಕ್ಕಿದರೆ ಹುಣ್ಣು ಮಾಯುತ್ತೆ ಅನ್ನುವ ಮಾತನ್ನಂತೂ ನಂಬಬೇಡಿ. ನಾಯಿಯ ಜೊಲ್ಲು ಗಾಯಕ್ಕೆ ತಾಗಿದರೆ ಹದಿನೈದು ನಿಮಿಷ ಸೋಪುನೀರಿನಲ್ಲಿ ತೊಳೆದು, ಅಂದೇ ವೈದ್ಯರ ಬಳಿ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು.

ಇನ್ನು ಬಾಯೊಳಗಿನ ಜೊಲ್ಲನ್ನು ಕಾಪಾಡಿಕೊಳ್ಳಿ. ವಯಸ್ಸಾದ ಅತ್ತೆಯವರು "ಬಾಯಿ ಒಣಗತ್ತೆ, ಅನ್ನ ಇಳಿಯಲ್ಲ" ಅಂದರೆ ವಯಸ್ಸಿನ ದೋಷ ಅಂತ ಬಿಡಬೇಡಿ. ಅಲರ್ಜಿ, ಖಿನ್ನತೆ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕುತ್ತದೆ, ಅಗ್ರ ಕಟ್ಟುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿ. ಆಗಾಗ ಗುಟುಕು ನೀರು ಕೊಡಿ. ಎಲೆಅಡಿಕೆ ಹಾಕಿದರೆ ಜೊಲ್ಲು ಬರುವುದೇನೋ ನಿಜ. ಆದರೆ ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ. ಮಲಗುವ ಮುನ್ನ ಮನೆಮಂದಿಯೆಲ್ಲ ಹಲ್ಲುಜ್ಜಲಿ, ಏಕೆಂದರೆ ರಾತ್ರಿ ಬಾಯಿಗೆ ಜೊಲ್ಲಿನ ಕಾವಲು ಕಡಿಮೆ.