ಹಿತ್ತಾಳೆಯ ಬಿಲ್ಲೆ

ಕಳೆದ ತಿಂಗಳು ನೆರೆಮನೆಯ ಹುಡುಗನು ಒಂದು ಹಳೆಯ ಹಿತ್ತಾಳೆಯ ಬಿಲ್ಲೆಯನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ಇದು ನಮ್ಮ ಮುತ್ತಜ್ಜನ ಯುದ್ಧದ ಪದಕ. ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ತೋರಿಸಬೇಕು, ನಾಲ್ಕು ಸಾಲು ಬರೆದುಕೊಡಿ” ಎಂದನು. ಮುತ್ತಜ್ಜನು ಬರ್ಮಾ ರಣರಂಗದಲ್ಲಿ ಕಾದಿದವನೆಂದು ಆ ಮನೆಯ ಕಿರಿಯರೆಲ್ಲರ ನಂಬಿಕೆ. ನಾಲ್ಕು ಸಾಲು ಬರೆಯುವುದು ಸುಲಭ. ಸುಳ್ಳೆಂದು ತಿಳಿದ ಮೇಲೆ ಶಾಲೆಯ ಗೋಡೆಯಿಂದ ಅಳಿಸುವುದು ಕಷ್ಟ.

ಎರಡನೆಯ ಮಹಾಯುದ್ಧದ ಬರ್ಮಾ ಪದಕವು ಆರು ಮೊನೆಗಳ ನಕ್ಷತ್ರ. ಆ ಕಾಲದ ಸಾಮಾನ್ಯ ಯುದ್ಧಪದಕದಲ್ಲಾದರೋ ಆರನೆಯ ಜಾರ್ಜ್ ದೊರೆಯ ಮುಖವಿರುವುದು. ಇದರಲ್ಲಿ ಎರಡೂ ಇಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟ ಹುಡುಗನನ್ನು ತಡೆದೆನು. ಹಳೆಯ ಬಿಲ್ಲೆಯನ್ನು ತಿಕ್ಕಿದರೆ ಕೊಳೆಯೊಡನೆ ಅಕ್ಷರವೂ ಹೋಗುವುದು. ಶಾಸನ ಓದುವವರಂತೆ ದೀಪವನ್ನು ಓರೆಯಾಗಿ ಹಿಡಿದಾಗ ‘ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್, ಬೆಂಗಳೂರು’ ಎಂಬ ಇಂಗ್ಲಿಷು ಬರೆಹವೂ ಕೆಳಗೊಂದು ಸಂಖ್ಯೆಯೂ ಕಂಡುವು. ಆಳಿನ ಹೆಸರಿಲ್ಲ. ನಮ್ಮೂರಿನ ಅಮೃತೇಶ್ವರ ದೇಗುಲದಲ್ಲಿ 1196ರಲ್ಲಿ ದುಡಿದ ರೂವಾರಿ ಮಲ್ಲಿತಮ್ಮನ ಹೆಸರು ಇಂದಿಗೂ ಉಳಿದಿದೆ. ಈತನಿಗೆ ದಕ್ಕಿದುದು ಅಂಕಿ ಮಾತ್ರ.

ಇಂಗ್ಲೆಂಡಿನಲ್ಲಿ ಮೊದಲ ಮಹಾಯುದ್ಧದ ವೇಳೆ ಕಾರ್ಖಾನೆಯ ಆಳುಗಳಿಗೆ ‘ಯುದ್ಧಸೇವೆಯಲ್ಲಿರುವವನು’ ಎಂಬರ್ಥದ ಬಿಲ್ಲೆಗಳನ್ನು ಕೊಟ್ಟರು. ಸಮವಸ್ತ್ರವಿಲ್ಲದ ಗಂಡಸಿಗೆ ಬೀದಿಯಲ್ಲಿ ಬಿಳಿಯ ಗರಿ ಕೊಟ್ಟು ಹೇಡಿಯೆಂದು ಹಂಗಿಸುತ್ತಿದ್ದ ಕಾಲವದು. ನಮ್ಮ ದೇಶದಲ್ಲಿ ಸೈನ್ಯಕ್ಕೆ ಬಲವಂತದ ಭರ್ತಿ ಇರಲಿಲ್ಲವಾಗಿ ಅಂತಹ ರಕ್ಷೆ ಬೇಕಾಗಲಿಲ್ಲ. ಸಂಖ್ಯೆಯ ಬಿಲ್ಲೆ ಕಾರ್ಖಾನೆಯ ಬಾಗಿಲಲ್ಲಿ ಆಳನ್ನು ಗುರುತಿಸುವುದಕ್ಕೆ.

ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗದೊಡನೆ ಆ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದುದು 1940ರ ಡಿಸೆಂಬರಿನಲ್ಲಿ. 1943ರಲ್ಲಿ ಅದರ ಆಡಳಿತವು ಅಮೆರಿಕದ ಸೈನ್ಯದ ಕೈಗೆ ಹೋಯಿತು. ಬಿಲ್ಲೆಯ ಮೇಲಣ ಹೆಸರು 1964ರವರೆಗೂ ಇದ್ದಿತಾದುದರಿಂದ, ಇದು ಯುದ್ಧಕಾಲದ್ದೆನ್ನಲು ಬೇರೊಂದು ಸಾಕ್ಷಿ ಬೇಕಾಯಿತು.

ಸಾಕ್ಷಿ ದೊರೆತುದು ಆ ಮನೆಯ ಅಜ್ಜಮ್ಮನವರಲ್ಲಿ. ಅವರು ಬಿಲ್ಲೆಯ ಒಡೆಯನ ಮಗಳು. “ಅಪ್ಪಯ್ಯ ಕಾದಾಡಿದ ಮಾತು ಒಂದು ದಿನವೂ ಆಡಲಿಲ್ಲ ಮೇಷ್ಟ್ರೇ. ಬೆಂಗಳೂರಲ್ಲಿ ಕೆರೆಯ ನೀರಿನ ಮೇಲೆ ವಿಮಾನ ಇಳೀತಿತ್ತು, ಬಿಳಿಯರ ಜೊತೆ ಅದನ್ನು ಬಿಚ್ಚಿ ಜೋಡಿಸ್ತಿದ್ದೆವು ಅಂತಿದ್ದರು. ಬಾತುಕೋಳಿ ವಿಮಾನ ಅಂತ ನಾವು ಮಕ್ಕಳೆಲ್ಲ ನಗ್ತಿದ್ದೆವು. ಆಮೇಲೆ ಹೇಳೋದನ್ನೇ ಬಿಟ್ಟರು.”

ನಾನು ಕುರ್ಚಿಯಿಂದ ಎದ್ದುಬಿಟ್ಟೆನು. ದೋಣಿಯಂತಹ ಒಡಲಿನ ಕ್ಯಾಟಲಿನಾ ಎಂಬ ವಿಮಾನಗಳು ಯುದ್ಧಕಾಲದಲ್ಲಿ ದುರಸ್ತಿಗಾಗಿ ಆ ಕಾರ್ಖಾನೆಗೆ ಬರುತ್ತಿದ್ದುವು. ಅವು ಇಳಿಯುತ್ತಿದ್ದುದು ಸಮೀಪದ ಬೆಳ್ಳಂದೂರು ಕೆರೆಯಲ್ಲಿ. ಇದನ್ನು ಹೇಳಿದೆನು.

“ಹಾಗಾದರೆ ಮುತ್ತಜ್ಜ ಸಿಪಾಯಿ ಅಲ್ಲವೇ?” ಎಂದು ಹುಡುಗನ ಮುಖ ಬಾಡಿತು. ಅಜ್ಜಮ್ಮನವರು ಬಿಲ್ಲೆಯನ್ನು ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, “ಆ ಕೆರೆಯ ಹೆಸರು ಇನ್ನೊಂದು ಸಲ ಹೇಳಿ ಮೇಷ್ಟ್ರೇ” ಎಂದರು. ಮೊಮ್ಮಗನ ಕಡೆ ತಿರುಗಿ, “ನೀನು ಬರೆದುಕೋ” ಎಂದರು.